ಅಕ್ಕಿಕಾಳಿನಷ್ಟು ದೂರ

ಗುಂಡಿಗೆಯನ್ನು ತಟ್ಟೆಯ ಮೇಲೆ ಬೋರಲು ಹಾಕಿ ಡೆಲ್ಫಿನಾ ಅದರ ಎಡಮಗ್ಗುಲನ್ನು ಬ್ಲೇಡಿನಿಂದ ಸೀಳಿದಳು. ಬೆಂದ ಮೊಟ್ಟೆಯ ಬಿಳಿಯಂತಿದ್ದ ಆ ಗೋಡೆ ಸದ್ದಿಲ್ಲದೆ ಬಿಚ್ಚಿಕೊಂಡಿತು. ಒಳಗೆ ಕವಾಟದ ಎರಡು ಎಸಳುಗಳು ಒಂದಕ್ಕೊಂದು ಒರಗಿಕೊಂಡಿದ್ದವು. ನೀಲಿ ಶಾಯಿಯ ಚುಕ್ಕೆ ಎಸಳಿನ ಅಂಚಿನ ಮೇಲಿರಬೇಕಿತ್ತು. ಇರಲಿಲ್ಲ. ಅಂಚನ್ನು ದಾಟಿ, ಅಕ್ಕಿಕಾಳಿನಷ್ಟು ಆಚೆಗೆ, ಬರೀ ಗೋಡೆಯ ಮೇಲೆ ಕೂತಿತ್ತು.

ಮೂವರೂ ಬಗ್ಗಿ ನೋಡಿದರು. ಗೋಡೆಯಾಚೆಯ ಫ್ರೀಜರು ಒಮ್ಮೆ ಗೊರಗುಟ್ಟಿ ಸುಮ್ಮನಾಯಿತು.

"ಪಾಪ, ಗ್ರಾಸಿಂಡಾ ಚಿಕ್ಕಮ್ಮ," ಎಂದರು ಡಾಕ್ಟರ್ ರೀಕಾ ಪೋಸ್ಟ್‌ಮಾ. "ಅವಳೂ ನನ್ನ ಕೈಲೇ ಹೋದಳು."

"ಅವಳೆಲ್ಲಿ ಹೋಗ್ತಾಳೆ ಡಾಕ್ಟ್ರೇ? ತೊಂಬತ್ತು ದಾಟಿದೆ, ಈಗಲೂ ಬೆಳಿಗ್ಗೆ ಸೊಸೇನ ಅಳಿಸದೆ ಕಾಫಿ ಕುಡಿಯಲ್ಲ," ಎಂದಳು ಡೆಲ್ಫಿನಾ.

ರೀಕಾ ನಕ್ಕರು. ನಗುತ್ತಲೇ ಬಲಗೈಯನ್ನು ಕೋಟಿನ ಜೇಬಿಗೆ ಸೇರಿಸಿದರು, ಯಾರಾದರೂ ನೋಡಿಬಿಟ್ಟಾರು ಎನ್ನುವ ಹಾಗೆ.

ಗುಂಡಿಗೆಗಳನ್ನು ಎರಕ ಹೊಯ್ಯುವುದು ಡೆಲ್ಫಿನಾಳ ಕೆಲಸ. ಒಂಟಾರಿಯೋದ ಲಂಡನ್ ಊರಿನಲ್ಲಿ, ಹಳೆಯ ಕಟ್ಟಡವೊಂದರ ನೆಲಮಾಳಿಗೆಯ ಆ ಪ್ರಯೋಗಶಾಲೆಯಲ್ಲಿ ಅವಳದ್ದೊಂದು ಅಡುಗೆಮನೆಯೇ ಇತ್ತೆನ್ನಬೇಕು. ಬಿಳಿ ಪುಡಿಯನ್ನು ಬಿಸಿನೀರಿನಲ್ಲಿ ಗಂಟಾಗದಂತೆ ತಿರುವಿ, ಪಾಕ ಬಂದ ಮೇಲೆ ಅಚ್ಚಿಗೆ ಸುರಿದು ಫ್ರೀಜರಿಗಿಡುವುದು, ಹೆಪ್ಪುಗಟ್ಟಿದ್ದನ್ನು ಹೊರಗೆ ತೆಗೆದು ಕರಗಲು ಬಿಡುವುದು, ಮತ್ತೆ ಒಳಗಿಡುವುದು. ಹೆಪ್ಪುಗಟ್ಟಿ ಕರಗಿದಷ್ಟು ಸಲವೂ ಅದು ಮಾಂಸದ ಹದಕ್ಕೆ ಇನ್ನಷ್ಟು ಹತ್ತಿರವಾಗುತ್ತಿತ್ತು. ಸ್ಕ್ಯಾನಿನ ಕಣ್ಣಿಗೆ ಅದೂ ಒಂದೇ, ಮನುಷ್ಯರ ಗುಂಡಿಗೆಯೂ ಒಂದೇ. ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ದೂರದ ಮೂಲೆಯಲ್ಲಿದ್ದ ಮೋಟಾರಿಗೆ ಉದ್ದನೆಯ ಪ್ಲಾಸ್ಟಿಕ್ ಕೋಲಿನಿಂದ ಜೋಡಿಸಿದರೆ, ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು, ಬಿಡಿಸಿಕೊಂಡು, ಬಡಿಯತೊಡಗುತ್ತಿತ್ತು. ಒಂದೊಂದಕ್ಕೂ ಅವಳು ತಾನು ಹುಟ್ಟಿದ ಅಜೋರ್ಸ್ ದ್ವೀಪದ ತನ್ನ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮಂದಿರ ಹೆಸರಿಡುತ್ತಿದ್ದಳು. ಹೆಸರಿಗೇನೂ ಬರವಿರಲಿಲ್ಲ.

ಇಂಜಿನಿಯರ್ ಬಾಬಕ್ ಹೊಸದಾಗಿ ಬಂದಾಗ, ಅಮ್ಮಾವ್ರೇ ಅನ್ನುವಂತೆ ತನ್ನ ಭಾಷೆಯಲ್ಲಿ ಖಾನಂ ಎಂದು ಕರೆದು ಕೇಳಿದ್ದ: "ಜೀವ ಇಲ್ಲದ್ದಕ್ಕೆ ಹೆಸರ್ಯಾಕೆ, ಡೆಲ್ಫಿನಾ ಖಾನಂ?"

"ಹೆಸರಿದ್ರೆ ಮರ್ಯಾದೆಯಿಂದ ಚುಚ್ತೀರಿ."

ಚುಚ್ಚುವುದೇ ಅಲ್ಲಿನ ಕೆಲಸ. ಎದೆ ಪೂರ್ತಿ ಬಿಚ್ಚದೆ, ಗುಂಡಿಗೆಯನ್ನು ನಿಲ್ಲಿಸದೆ, ಬಡಿಯುತ್ತಿರುವಾಗಲೇ ಒಂದು ತೆಳು ಕಡ್ಡಿಯನ್ನು ಒಳಗೆ ತೂರಿಸಿ ಹರಿದ ಕವಾಟವನ್ನು ಹಿಡಿದು ಹೊಲಿಯುವ ವಿದ್ಯೆ ಅದು. ಒಳಗೆ ನಡೆಯುವುದು ಕಣ್ಣಿಗೆ ಕಾಣುವುದಿಲ್ಲ. ಪರದೆಯ ಮೇಲೆ ಸ್ಕ್ಯಾನಿನ ಬೂದು ಚಿತ್ರ, ಅದರ ಮೇಲೆ ಕಂಪ್ಯೂಟರು ಬರೆದು ತೋರಿಸುವ ಹಸಿರು ಚುಕ್ಕೆ. ಚುಕ್ಕೆ ಎಲ್ಲಿದೆಯೋ ಕಡ್ಡಿಯ ತುದಿ ಅಲ್ಲಿದೆ ಎಂದು ನಂಬಿ ನಡೆಯಬೇಕು. ತುದಿ ನಿಜಕ್ಕೂ ಚುಚ್ಚಿದಲ್ಲಿ ನೀಲಿ ಶಾಯಿಯ ಗುರುತು ಬೀಳುತ್ತಿತ್ತು, ಗುಂಡಿಗೆ ಸೀಳಿದಾಗಲೇ ಅದು ಕಾಣುವುದು. ತುದಿ ಎಲ್ಲಿದೆ ಎಂದು ಕಂಪ್ಯೂಟರಿಗೆ ಹೇಳುತ್ತಿದ್ದುದು ತೊಟ್ಟಿಯ ಪಕ್ಕದ ಒಂದು ಪೆಟ್ಟಿಗೆ, ಅದರ ಅಯಸ್ಕಾಂತದ ಬಲ. ಅದಕ್ಕೇ ಆ ಕೋಣೆಗೆ ಕಬ್ಬಿಣ ನಿಷಿದ್ಧ. ಉಂಗುರ, ಕೈಗಡಿಯಾರ, ಕೀಲಿಕೈ ಎಲ್ಲ ಬಾಗಿಲ ಬಳಿಯ ಬೋಗುಣಿಯಲ್ಲಿ. ಅನುಮಾನ ಬಂದ ಸಾಮಾನಿಗೆ ಬಾಗಿಲಿಗೆ ದಾರದಲ್ಲಿ ಇಳಿಬಿಟ್ಟಿದ್ದ ಮ್ಯಾಗ್ನೆಟ್ಟು ಮುಟ್ಟಿಸಿ ನೋಡಿ, ಅಂಟದಿದ್ದರೆ ಒಳಕ್ಕೆ, ಅಂಟಿದರೆ ಹೊರಕ್ಕೆ. ಅದು ಆ ಕೋಣೆಯ ಮಡಿ.

ರೀಕಾ ಪೋಸ್ಟ್‌ಮಾ ಆ ವಿದ್ಯೆಯಲ್ಲಿ ಹಳೆಯ ಕೈ. ಆಸ್ಪತ್ರೆಯಲ್ಲಿ ಜೀವಂತ ಗುಂಡಿಗೆಗಳು, ವಾರಕ್ಕೊಂದು ದಿನ ಇಲ್ಲಿ ಡೆಲ್ಫಿನಾಳ ಗುಂಡಿಗೆಗಳು. ಹೊಸ ಚಿತ್ರ, ಹೊಸ ಕಡ್ಡಿ ಏನೇ ಬಂದರೂ ಮೊದಲು ಹಿಡಿಯುತ್ತಿದ್ದವರು ಅವರೇ. ಹಾಗಿದ್ದವರು ಡಿಸೆಂಬರಿನಲ್ಲಿ ಮನೆಯ ಮುಂದಿನ ಹಿಮ ಗುಡಿಸಲು ಹೋಗಿ ಜಾರಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಪಟ್ಟಿ ಕಟ್ಟಿದರು, ಪಟ್ಟಿ ಬಿಚ್ಚಿದರು, ಮೂಳೆ ಕೂಡಿಕೊಂಡಿದೆ ಎಂದು ಮೂಳೆ ಡಾಕ್ಟರು ಬೆನ್ನು ತಟ್ಟಿದರು. ಬೆರಳ ತುದಿಗೆ ಹಿಡಿದಿದ್ದ ಜೋಮೂ ಬಿಟ್ಟಿತು. ಆದರೂ ರೀಕಾ ನೇರ ಆಸ್ಪತ್ರೆಗೆ ಹೋಗಲಿಲ್ಲ. ಮನುಷ್ಯರನ್ನು ಮುಟ್ಟುವ ಮೊದಲು ಇಲ್ಲಿ ಮುಟ್ಟಿ ನೋಡುತ್ತೇನೆ ಎಂದು ತಮಗೆ ತಾವೇ ಕಟ್ಟು ಹಾಕಿಕೊಂಡು ಬಂದರು.

ಬಂದಾಗಿನಿಂದ ಎಲ್ಲ ಗುಂಡಿಗೆಯಲ್ಲೂ ಇದೇ ಕಥೆ. ನೀಲಿ ಚುಕ್ಕೆ ಪಕ್ಕಕ್ಕೆ. ಯಾವಾಗಲೂ ಅಷ್ಟೇ, ಒಂದು ಅಕ್ಕಿಕಾಳು. ಅದೇ ಪರದೆ, ಅದೇ ಕಡ್ಡಿ ಹಿಡಿದು ನಿನ್ನೆ ಮೊನ್ನೆ ಕಲಿತ ಹುಡುಗ ಡಾಕ್ಟರುಗಳು ಅಂಚಿಗೇ ಇಡುತ್ತಿದ್ದರು. ಬಾಬಕ್ ಯಂತ್ರವನ್ನೆಲ್ಲ ಬಿಚ್ಚಿ ನೋಡಿದ. ಮಣಿಕಟ್ಟಿನೊಳಗೆ ತಗಡು ಗಿಗಡು ಕೂರಿಸಿದ್ದಾರೆಯೇ ಎಂದೂ ಕೇಳಿದ. ಇಲ್ಲ. ಯಂತ್ರ ಸರಿಯಿತ್ತು. ಮಿಕ್ಕಿದ್ದು ಕೈ ಒಂದೇ.

ಊಟದ ಹೊತ್ತಿಗೆ ಡೆಲ್ಫಿನಾ ಆ ದಿನದ ಕೊನೆಯ ಗುಂಡಿಗೆಯನ್ನು ಬಿಸಿನೀರಿನಲ್ಲಿ ಹದಕ್ಕಿಟ್ಟು, ಎಲೆಕೋಸು ಆಲೂಗಡ್ಡೆಯ ಸೂಪಿನ ಡಬ್ಬಿ ಬಿಚ್ಚಿದಳು. ಎದುರಿಗೆ ರೀಕಾ ಚೀಸಿನ ಸ್ಯಾಂಡ್‌ವಿಚ್ಚನ್ನು ಕಾಗದದಿಂದ ಬಿಚ್ಚಿ, ಹಾಗೇ ಮಡಿಸಿಟ್ಟರು.

"ತಿನ್ನಿ ಡಾಕ್ಟ್ರೇ. ಹಸ್ಕೊಂಡ್ರೆ ಕೈ ನಡುಗತ್ತೆ."

"ನಡುಗ್ತಾ ಇಲ್ಲ ಕಣೇ, ಅದೇ ಕಷ್ಟ. ನಡುಗಿದ್ರೆ ಗೊತ್ತಾಗ್ತಿತ್ತಲ್ಲ." ರೀಕಾ ಬಲಗೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟು ನೋಡಿದರು. "ಒಳಗೆ ಹೋಗ್ತೀನಿ. ಕೈ ಹೇಳತ್ತೆ, ಬಂತು, ಇದೇ ಅಂಚು, ಹಿಡಿ ಅಂತ. ಪರದೆ ನೋಡಿದ್ರೆ ಚುಕ್ಕೆ ಇನ್ನೂ ಈಚೆಗೇ ಇದೆ. ಸರಿ, ಪೆಟ್ಟು ತಿಂದ ಕೈ, ಇದರ ಮಾತು ಯಾಕೆ ಕೇಳ್ಬೇಕು ಅಂತ ಇನ್ನೊಂಚೂರು ತಳ್ತೀನಿ. ಕೊನೆಗೆ ನೋಡಿದ್ರೆ ಹಿಂಗೆ."

"ಮೊದಲು ಹಿಂಗಾಗ್ತಿತ್ತಾ? ಕೈ ಒಂದು, ಚಿತ್ರ ಒಂದು?"

"ಮೊದಲು ಎರಡೂ ಒಂದೇ ಹೇಳ್ತಿದ್ವು. ಗಂಡ ಹೆಂಡ್ತಿ ಥರ ಅಲ್ಲ, ಒಳ್ಳೆ ಅಕ್ಕ ತಂಗಿ ಥರ."

ಡೆಲ್ಫಿನಾ ಸೂಪನ್ನು ಅವರತ್ತ ಸರಿಸಿದಳು. ರೀಕಾ ಎರಡು ಚಮಚ ಕುಡಿದು ಕಿಟಕಿಯತ್ತ ನೋಡಿದರು. ನೆಲಮಟ್ಟದ ಆ ಕಿಟಕಿಯಲ್ಲಿ ಕರಗುತ್ತಿದ್ದ ಹಿಮವೂ ದಾಟುವವರ ಬೂಟುಗಳೂ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

"ಲಾರ್ನ್ ಅಂತ ಒಬ್ಬ ಇದಾನೆ. ಸ್ಟ್ರಾತ್‌ರಾಯ್ ಕಡೆ ಸ್ಕೂಲ್ ಬಸ್ ಓಡಿಸ್ತಿದ್ದ. ಎದೆ ಬಿಚ್ಚೋ ಆಪರೇಷನ್ ತಡೆಯೋ ಶಕ್ತಿ ಇಲ್ಲ ಅವನಿಗೆ. ನವೆಂಬರಿಂದ ಕಾಯ್ತಾ ಕೂತಿದಾನೆ, ಬೇರೆಯವರ ಕೈಗೆ ಹೋಗಲ್ಲ ಅಂತ. ಸೋಮವಾರ ಅವನದು. ನಾನೋ, ಬೇರೆಯವರೋ ಅಂತ ಇವತ್ತು ಸಂಜೆಯೊಳಗೆ ಆಸ್ಪತ್ರೆಗೆ ಹೇಳ್ಬೇಕು." ಚಮಚ ಕೆಳಗಿಟ್ಟು ಅಂದರು: "ಇದೊಂದು ಗುಂಡಿಗೆ. ಇದೂ ತಪ್ಪಿದ್ರೆ ಬೇರೆಯವರು ಅಂತ ಹೇಳಿಬಿಡ್ತೀನಿ. ಸೋಮವಾರಕ್ಕೆ ಅಷ್ಟೇ ಅಲ್ಲ. ಈ ವಯಸ್ಸಲ್ಲಿ ಚಾಕು ಕೆಳಗಿಟ್ರೆ ಮತ್ತೆ ಎತ್ತೋದು ಸುಳ್ಳು."

ಡೆಲ್ಫಿನಾಳಿಗೆ ಅಜ್ಜಿಯ ನೆನಪಾಯಿತು. ದ್ವೀಪದ ಹಬ್ಬದ ದಿನ ಅಜ್ಜಿ ಮೇಣದ ಗುಂಡಿಗೆಯೊಂದನ್ನು ಕರವಸ್ತ್ರದಲ್ಲಿ ಸುತ್ತಿ ಕ್ರಿಸ್ತನ ಪಾದಕ್ಕೆ ಹರಕೆ ಒಪ್ಪಿಸಲು ಹೋಗುತ್ತಿದ್ದಳು. ಕಾಲು ನೋವಿನವರು ಮೇಣದ ಕಾಲು, ಕಣ್ಣು ಮಂಜಾದವರು ಮೇಣದ ಕಣ್ಣು. ಕೈಗೇನು ಒಪ್ಪಿಸುತ್ತಿದ್ದರೋ. ಕೈಯೇ ಇದ್ದಿರಬೇಕು. ಅವಳು ಡಬ್ಬಿ ತೊಳೆಯಲು ಎದ್ದಳು.

ಕೊನೆಯ ಗುಂಡಿಗೆಯ ಹೆಸರು ಎರ್ಮೆಲಿಂಡಾ ದೊಡ್ಡಮ್ಮ. "ಒಳ್ಳೆ ಹೆಂಗಸು," ಎಂದು ಡೆಲ್ಫಿನಾ ಅದನ್ನು ತೊಟ್ಟಿಗಿಳಿಸುತ್ತ ಹೇಳಿದಳು, "ಬೈಯೋಕೆ ಬಾಯೇ ಬರ್ತಿರಲಿಲ್ಲ." ಬಾಬಕ್ ಮೋಟಾರು ಹಾಕಿದ. ದೊಡ್ಡಮ್ಮ ಒಮ್ಮೆ ಮೈಮುರಿದು ಬಡಿಯತೊಡಗಿದಳು.

ರೀಕಾ ಸ್ಟೂಲು ಹತ್ತಿದರು. ನೆರಳೇ ಮರದಷ್ಟು ಉದ್ದ ಬೀಳುವ ಡಚ್ಚರ ಮನೆಯಲ್ಲಿ ಹುಟ್ಟಿದ ಗಿಡ್ಡಿ ಅವರು; ಅಣ್ಣತಮ್ಮಂದಿರು ಬಾಗಿಲಿಗೆ ತಲೆ ಬಗ್ಗಿಸಿದರೆ ಇವರು ತೊಟ್ಟಿ ನೋಡಲು ಏನಾದರೂ ಹತ್ತಬೇಕು. ಕೈ ಮುರಿಯುವ ಮುಂಚೆ ಹಾಲಿನ ಪ್ಲಾಸ್ಟಿಕ್ ಕ್ರೇಟೊಂದನ್ನು ಬೋರಲು ಹಾಕಿ ನಿಲ್ಲುತ್ತಿದ್ದರು. ಅದು ಓಲಾಡುತ್ತಿತ್ತು. ಒಂದು ಸಲ ಬಿದ್ದವರು ಮತ್ತೆ ಬಿದ್ದರೆ ಏನು ಗತಿ ಎಂದು ಡೆಲ್ಫಿನಾ ತನ್ನ ಅಡುಗೆಮನೆಯ ಸ್ಟೂಲನ್ನೇ ಬಸ್ಸಿನಲ್ಲಿ ಹೊತ್ತು ತಂದಿದ್ದಳು. ಎರಡು ಮೆಟ್ಟಿಲು, ಹಿಡಿದುಕೊಳ್ಳಲು ಸೊಂಟದೆತ್ತರಕ್ಕೆ ದೊಡ್ಡ ಬಳೆಯಂಥ ಒಂದು ದುಂಡು ಕಂಬಿ. ಅಲ್ಯೂಮಿನಿಯಮ್ಮಿನದು, ಹಗುರ. ಬಾಗಿಲ ಮ್ಯಾಗ್ನೆಟ್ಟನ್ನು ಕಾಲಿಗೆ, ಮೆಟ್ಟಿಲಿಗೆ, ಬಳೆಗೆ ಎಲ್ಲ ಕಡೆ ಮುಟ್ಟಿಸಿ, ಎಲ್ಲೂ ಅಂಟುವುದಿಲ್ಲ ಎಂದು ಬಾಬಕ್‌ಗೂ ತೋರಿಸಿಯೇ ಒಳಗೆ ತಂದಿದ್ದಳು.

ಕಡ್ಡಿ ಒಳಗೆ ಹೋಯಿತು. ರೀಕಾ ಉಸಿರು ಸಣ್ಣ ಮಾಡಿದರು. ಪರದೆಯ ಮೇಲೆ ಎಸಳುಗಳು ತೆರೆದು ಮುಚ್ಚುತ್ತಿದ್ದವು. ಹಸಿರು ಚುಕ್ಕೆ ಅವುಗಳ ಕಡೆಗೆ ಮೆಲ್ಲಗೆ ಸಾಗಿತು, ನಿಂತಿತು. ಅಂಚಿಗಿಂತ ಈಚೆಗೆ.

"ಇನ್ನೊಂಚೂರು," ಎಂದ ಬಾಬಕ್ ಪಿಸುದನಿಯಲ್ಲಿ.

ರೀಕಾ ತಳ್ಳಲಿಲ್ಲ. ಅಲ್ಲೇ ನಿಂತರು. ಎಷ್ಟು ಹೊತ್ತು ನಿಂತರೆಂದರೆ ಡೆಲ್ಫಿನಾ ಅವರ ಮುಖ ನೋಡಿದಳು. ಅಳು ಬಂದವರ ಮುಖ ಅಲ್ಲ. ಬಹಳ ದೂರ ನಡೆದು ಸುಸ್ತಾದವರ ಮುಖ.

"ಸಾಕು," ಎಂದರು. "ಇಲ್ಲೇ ಇದೆ ಅನ್ನತ್ತೆ ಈ ಕೈ. ಇಲ್ಲ ಅನ್ನತ್ತೆ ಪರದೆ. ಇವೆರಡರ ಜಗಳದ ಮಧ್ಯೆ ನಾನು ಲಾರ್ನ್‌ನ ಮಲಗಿಸಲಾರೆ. ನಿಲ್ಸು ಬಾಬಕ್."

ಮೋಟಾರು ನಿಂತಿತು. ರೀಕಾ ಕಡ್ಡಿಯನ್ನು ಹೊರಗೆಳೆಯಲೂ ಇಲ್ಲ, ಇದ್ದಲ್ಲೇ ಪ್ಲಾಸ್ಟಿಕ್ ಹಿಡಿಕೆಗೆ ಕಚ್ಚಿಸಿ, ಬಳೆ ಹಿಡಿದು ಕೆಳಗಿಳಿದರು. ಅವರು ಎಡವದಿರಲಿ ಎಂದು ಡೆಲ್ಫಿನಾ ಸ್ಟೂಲನ್ನು ಎತ್ತಿ ಗೋಡೆಯ ಕಡೆ ಇಟ್ಟಳು.

ಕೈಗವಸು ಬಿಚ್ಚುತ್ತಿದ್ದ ರೀಕಾ ಹಾಗೇ ನಿಂತುಬಿಟ್ಟರು.

"ಯಾರು ಮುಟ್ಟಿದ್ದು?"

"ಏನನ್ನ?"

"ಕಡ್ಡೀನ. ಚುಕ್ಕೆ ಸರೀತು."

"ಯಾರೂ ಮುಟ್ಟಿಲ್ಲ ಡಾಕ್ಟರ್. ನಾನಿಲ್ಲಿದೀನಿ," ಎಂದ ಬಾಬಕ್, ಎರಡೂ ಕೈ ಮೇಲೆತ್ತಿ.

ಪರದೆಯ ಮೇಲೆ ಗುಂಡಿಗೆ ಅಲುಗದೆ ನಿಂತಿತ್ತು. ಕಡ್ಡಿ ಹಿಡಿಕೆಯಲ್ಲಿ ಕಚ್ಚಿಕೊಂಡಿತ್ತು. ಹಸಿರು ಚುಕ್ಕೆ ಮಾತ್ರ ಮೊದಲಿದ್ದ ಜಾಗದಲ್ಲಿರಲಿಲ್ಲ. ಎಸಳಿನ ಅಂಚಿನ ಮೇಲೆ, ನೆಟ್ಟಗೆ, ಎಲೆಯ ತುದಿಯ ಹನಿಯಂತೆ ಕೂತಿತ್ತು.

"ಡೆಲ್ಫಿನಾ," ಎಂದರು ರೀಕಾ. ಧ್ವನಿ ಬದಲಾಗಿತ್ತು. "ಈಗ ಏನ್ ಮಾಡ್ದೆ ನೀನು?"

"ನಾನೇನ್ ಮಾಡ್ಲಿ? ಸ್ಟೂಲು ತೆಗೆದಿಟ್ಟೆ, ಅಷ್ಟೇ."

"ವಾಪಸ್ ಇಡು."

ಡೆಲ್ಫಿನಾ ಸ್ಟೂಲನ್ನು ತಂದು ಮೊದಲಿದ್ದಲ್ಲೇ ಇಟ್ಟಳು. ಬಳೆ ಪೆಟ್ಟಿಗೆಯ ಮಗ್ಗುಲಿಗೇ ಬಂತು. ಚುಕ್ಕೆ ಅಂಚಿನಿಂದ ಜಾರಿ ಈಚೆಗೆ ಬಂತು. ಒಂದು ಅಕ್ಕಿಕಾಳಿನಷ್ಟು.

"ತೆಗಿ."

ತೆಗೆದಳು. ಚುಕ್ಕೆ ಅಂಚಿಗೆ ಹೋಯಿತು.

ಬಾಬಕ್ ಎರಡೂ ಕೈಯಿಂದ ತಲೆ ಹಿಡಿದುಕೊಂಡು ತನ್ನ ಭಾಷೆಯಲ್ಲಿ ಏನೋ ಅಂದ. ತಾಯಿಯ ಎದುರು ಅನ್ನುವಂಥದ್ದಲ್ಲ ಎಂದು ಇಬ್ಬರಿಗೂ ತಿಳಿಯಿತು. ಮ್ಯಾಗ್ನೆಟ್ಟನ್ನು ದಾರ ಸಮೇತ ಕಿತ್ತು ತಂದು ಬಳೆಗೆ ಮುಟ್ಟಿಸಿದ. ಅಂಟಲಿಲ್ಲ.

"ಅಂಟಲ್ಲ. ಅದಕ್ಕೇ ಮೋಸ ಹೋದ್ವಿ," ಎಂದ. "ಈ ಮ್ಯಾಗ್ನೆಟ್ಟು ಸುಮ್ನೆ ಇರೋ ಪ್ರಾಣಿ. ಆ ಪೆಟ್ಟಿಗೇದು ಸುಮ್ನಿರಲ್ಲ, ಹೊಯ್ದಾಡ್ತಾನೇ ಇರತ್ತೆ. ಅದರ ಹತ್ರ ಅಲ್ಯೂಮಿನಿಯಂ ಇಟ್ರೆ, ಅದೂ ಹಿಂಗೆ ದುಂಡಗೆ ಬಳೆ ಥರ ಇಟ್ರೆ, ಬಳೆಯೊಳಗೆ ಕರೆಂಟು ಸುತ್ತೋಕೆ ಶುರುವಾಗತ್ತೆ. ಆ ಕರೆಂಟು ಹೋಗಿ ಪೆಟ್ಟಿಗೆ ದಾರಿ ತಪ್ಸತ್ತೆ. ಇದನ್ನ ನಾನೇ, ಈ ಬಾಯಲ್ಲೇ, ಎರಡನೇ ವರ್ಷದ ಹುಡುಗರಿಗೆ ಪಾಠ ಮಾಡ್ತೀನಿ! ಸ್ಟೂಲನ್ನ ದಿನಾ ನೋಡ್ತಿದ್ದೆ, ಖಾನಂ. ದಿನಾ."

"ಮತ್ತೆ ಆ ಹುಡುಗರಿಗೆ ಯಾಕೆ ತಪ್ಪಲಿಲ್ಲ?" ಎಂದಳು ಡೆಲ್ಫಿನಾ.

"ಅವರೆಲ್ಲ ಉದ್ದಕ್ಕಿದಾರೆ. ಬಂದ ತಕ್ಷಣ ಸ್ಟೂಲನ್ನ ಕಾಲಲ್ಲಿ ಆಚೆ ತಳ್ತಾರೆ."

ಆಗ ಡೆಲ್ಫಿನಾಳಿಗೆ ಪೂರ್ತಿ ಅರ್ಥವಾಯಿತು. ಅವಳು ಸ್ಟೂಲಿನ ಬಳೆಯನ್ನು ಇನ್ನೂ ಹಿಡಿದೇ ಇದ್ದಳು. ಇಷ್ಟು ವಾರಗಳು, ಒಂದೊಂದೇ ಗುಂಡಿಗೆ ಸೀಳಿ ತೋರಿಸುವಾಗ ಈ ಹೆಂಗಸಿನ ಮುಖ ಸಣ್ಣಗಾಗುತ್ತ ಹೋದದ್ದು ಅವಳ ಕಣ್ಣ ಮುಂದೆಯೇ ಅಲ್ಲವೇ?

"ನಾನು..." ಎಂದಳು. ಬಳೆಯಿಂದ ಕೈ ತೆಗೆದಳು. "ನೀವು ಬೀಳ್ಬಾರ್ದು ಅಂತ ತಂದೆ ಡಾಕ್ಟ್ರೇ."

"ಬೀಳ್ಲಿಲ್ಲವಲ್ಲೇ!" ಎಂದರು ರೀಕಾ.

ಹಾಗೆಂದವರು ಗೋಡೆಗೆ ಒರಗಿ ನಗತೊಡಗಿದರು. ಮೊದಲು ಸದ್ದಿಲ್ಲದೆ, ಹೆಗಲು ಮಾತ್ರ ಕುಲುಕುತ್ತ. ಆಮೇಲೆ ಬಾಯಿಬಿಟ್ಟು, ಹಳ್ಳಿಯ ಹೈನುಮನೆಯಲ್ಲಿ ಹುಟ್ಟಿ ಬೆಳೆದವರ ದೊಡ್ಡ ನಗು. ನಗುನಗುತ್ತ ಕಣ್ಣಲ್ಲಿ ನೀರು ಬಂತು. ಆ ನೀರು ನಿಲ್ಲಲಿಲ್ಲ. ಡೆಲ್ಫಿನಾ ಹತ್ತಿರ ಹೋಗಿ ಅವರ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡಳು. ತನ್ನದೂ ಕಣ್ಣು ಒದ್ದೆಯಾಗಿದ್ದುದು ಯಾರಿಗೂ ಕಾಣದಿರಲಿ ಎಂಬುದೂ ಅದರಲ್ಲಿ ಸ್ವಲ್ಪ ಇತ್ತು. ಬಾಬಕ್ ಪರದೆಯ ಕಡೆ ತಿರುಗಿ ನಿಂತು ಇಲ್ಲದ ಕೆಲಸ ಮಾಡಿದ.

"ಕೈ ಸರಿಯಾಗೇ ಹೇಳ್ತಿತ್ತು," ಎಂದರು ರೀಕಾ ಮೂಗು ಒರೆಸಿಕೊಂಡು. "ಮೊದಲ ದಿನದಿಂದ ಹೇಳ್ತಾನೇ ಇತ್ತು. ನಾನು ಬಾಯಿ ಮುಚ್ಚು ಅಂತಿದ್ದೆ ಅದಕ್ಕೆ."

"ಈಗ ಕ್ಷಮೆ ಕೇಳಿ."

"ಕೇಳ್ತೀನಿ. ಮೊದಲು ದೊಡ್ಡಮ್ಮನ್ನ ಮುಗಿಸೋಣ. ಬಾಬಕ್, ಹಾಕು ಮೋಟಾರು."

"ಸ್ಟೂಲಿಲ್ವಲ್ಲ ಡಾಕ್ಟರ್? ಆ ಕ್ರೇಟೂ ಕಸಕ್ಕೆ ಹೋಯ್ತು."

ರೀಕಾ ಸುತ್ತ ನೋಡಿದರು. ಆಮೇಲೆ ಶೂ ಕಳಚಿ, ಬರೀ ಕಾಲುಚೀಲದಲ್ಲಿ, ಡೆಲ್ಫಿನಾಳ ಪುಡಿಯ ಚೀಲಗಳೆರಡನ್ನು ಒಂದರ ಮೇಲೊಂದು ಹಾಕಿಸಿ ಹತ್ತಿ ನಿಂತರು. ಚೀಲ ಮೆತ್ತಗೆ ಕುಸಿಯಿತು. ಬೀಳದಿರಲಿ ಎಂದು ಡೆಲ್ಫಿನಾ ಹಿಂದೆ ನಿಂತು ಅವರ ಸೊಂಟವನ್ನು ಎರಡೂ ಕೈಯಿಂದ ಹಿಡಿದಳು.

"ಕಚಗುಳಿ ಇಡ್ಬೇಡ."

"ಉಸಿರೂ ಬಿಡಲ್ಲ, ಹೋಗಿ."

ಎರ್ಮೆಲಿಂಡಾ ದೊಡ್ಡಮ್ಮ ಮತ್ತೆ ಬಡಿಯತೊಡಗಿದಳು. ಈ ಸಲ ರೀಕಾ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಡೆಲ್ಫಿನಾಳಿಗೆ ಪರದೆ ಕಾಣುತ್ತಿರಲಿಲ್ಲ. ಅವಳ ಅಂಗೈಗಳ ನಡುವೆ ಆ ಬೆನ್ನು ಒಮ್ಮೆ ಬಿಗಿಯಾಯಿತು, ಒಂದು ಬಡಿತ ಕಾಯಿತು, ಸಡಿಲವಾಯಿತು. ಅಷ್ಟರಿಂದಲೇ ಅವಳಿಗೆ ಗೊತ್ತಾಯಿತು. ಆದರೂ ಮೋಟಾರು ನಿಲ್ಲಿಸಿ, ತಟ್ಟೆಗೆ ತೆಗೆದು, ಎಂದಿನ ಹಾಗೇ ಎಡಮಗ್ಗುಲು ಸೀಳಿದಳು. ನೀಲಿ ಚುಕ್ಕೆ ಎಸಳಿನ ಅಂಚಿನ ಮೇಲಿತ್ತು. ಬಾಬಕ್ ಅಳತೆಪಟ್ಟಿ ತಂದ. ರೀಕಾರ ಮುಖ ನೋಡಿ ಅದನ್ನು ಹಾಗೇ ಜೇಬಿಗೆ ಹಾಕಿಕೊಂಡ.

"ಎಷ್ಟು ಗುಂಡಿಗೆ ಹಾಳಾಯ್ತು ನನ್ನಿಂದ," ಎಂದಳು ಡೆಲ್ಫಿನಾ.

"ನೀನೇ ಎರೆದಿದ್ದು, ನೀನೇ ಕೊಂದಿದ್ದು. ನಿಮ್ಮ ಮನೆತನದ ವಿಷಯ, ನನಗೇನು," ಎಂದು ರೀಕಾ ಶೂ ಹಾಕಿಕೊಂಡರು.

ಆಸ್ಪತ್ರೆಗೆ ಫೋನು ಮಾಡಿ ಹೇಳಿದ್ದು ಒಂದೇ ಮಾತು. ಸೋಮವಾರ ಮೊದಲನೆಯದು ನನ್ನದು. ಆಮೇಲೆ ಇನ್ನೊಂದು ನಂಬರು ಒತ್ತಿದರು. ಆಚೆಯಿಂದ ಕಿವಿ ಮಂದವಾದವರ ದೊಡ್ಡ ಗಂಟಲು ಕೋಣೆಗೆಲ್ಲ ಕೇಳಿಸಿತು.

"ಯಾರು?"

"ನಾನು ಲಾರ್ನ್. ಡಾಕ್ಟರ್ ಪೋಸ್ಟ್‌ಮಾ. ಸೋಮವಾರ ಬೆಳಿಗ್ಗೆ ಏನೂ ತಿನ್ನದೆ ಬಾ."

"ನೀವೇ ಮಾಡ್ತೀರೋ, ಇಲ್ಲ ಯಾರಾದ್ರೂ ಹುಡುಗನ್ನ ಬಿಡ್ತೀರೋ?"

"ನಾನೇ."

"ಕೈ ಹೇಗಿದೆ? ಬಿದ್ರಂತೆ?"

ರೀಕಾ ಬಲಗೈಯನ್ನು ತಿರುಗಿಸಿ ನೋಡಿಕೊಂಡರು. "ಚೆನ್ನಾಗಿದೆ," ಎಂದರು. ಕೇಳಿಸಲಿಲ್ಲವೇನೋ ಎಂದು, ಕೂಗಿ, ಮತ್ತೊಮ್ಮೆ ಹೇಳಿದರು: "ಚೆನ್ನಾಗಿದೆ ಲಾರ್ನ್!"

ಫೋನಿಟ್ಟು ಅವರು ಕೈತೊಳೆಯುವ ತೊಟ್ಟಿಯ ಬಳಿ ಹೋದರು. ತೊಳೆಯುವಂಥದ್ದು ಏನೂ ಇರಲಿಲ್ಲ. ಆದರೂ ತೋಳು ಮಡಚಿ, ನಲ್ಲಿ ಬಿಟ್ಟು, ಸೋಪು ಹಚ್ಚಿ, ಬೆರಳಿನಿಂದ ಬೆರಳಿಗೆ, ಉಗುರಿನ ಸಂದಿ, ಮಣಿಕಟ್ಟು, ಮೊಣಕೈ, ನಿಧಾನಕ್ಕೆ, ಸೋಮವಾರ ಬೆಳಿಗ್ಗೆ ತೊಳೆಯುವ ಹಾಗೇ ತೊಳೆಯತೊಡಗಿದರು. ನೀರು ಬಿಸಿಯಾಗಿ ಆವಿ ಎದ್ದಿತು. ಡೆಲ್ಫಿನಾ ಒಗೆದ ಟವೆಲೊಂದನ್ನು ಬಿಚ್ಚಿ ಎರಡೂ ಕೈಯಲ್ಲಿ ಚಾಚಿ ಹಿಡಿದು, ಅವರಿಗೆ ಸಾಕೆನಿಸುವವರೆಗೆ, ಹಿಂದೆಯೇ ನಿಂತಿದ್ದಳು.